ಗ್ರನಾಡದ ರೇಷ್ಮೆ ಓಣಿಯೂ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯೂ

ಪವಿತ್ರ ಕುರ್‌ಆನ್ ಸತ್ಯವಿಶ್ವಾಸಿಯನ್ನು ಮನೆಯ ಹೊಸ್ತಿಲಲ್ಲೇ ಕುಳ್ಳಿರಿಸುವುದಿಲ್ಲ. ನಾಡು ಸುತ್ತಬೇಕು, ಹಿಂದೆ ಬಾಳಿ ಹೋದವರ ನೆಲೆಗಳನ್ನು ಕಾಣಬೇಕು, ಅವರ ಏಳುಬೀಳುಗಳಿಂದ ಪಾಠ ಪಡೆಯಬೇಕು ಎಂದು ಅದು ಹಲವೆಡೆ ಪ್ರೇರೇಪಿಸುತ್ತದೆ. ಹೀಗೆ ನೋಡಿ ಕಲಿಯುವುದಕ್ಕೆ ನಮ್ಮ ಹಿರಿಯರು ‘ಇಬ್ರತ್’ ಎಂಬ ಮಾತನ್ನು ಬಳಸುತ್ತಾರೆ. ಕಣ್ಣು ಕಂಡದ್ದನ್ನು ಹೃದಯದವರೆಗೆ ದಾಟಿಸುವುದೇ ಇಬ್ರತ್. ಕಣ್ಣಲ್ಲೇ ಉಳಿದುಬಿಟ್ಟರೆ ಅದು ಬರಿಯ ವಿಹಾರ.

ಈಚಿನ ವರ್ಷಗಳಲ್ಲಿ ಉಮ್ರಾಕ್ಕೆ ಹೋಗುವ ಕುಟುಂಬಗಳಲ್ಲಿ ಕೆಲವು ತುರ್ಕಿಯನ್ನೂ ಸ್ಪೇನನ್ನೂ ನೋಡಿ ಬರುತ್ತವೆ. ಹೋಗಲಾಗದವರು ಮೊಬೈಲಿನಲ್ಲಿ ಅಲ್‌ಹಂಬ್ರಾ ಅರಮನೆಯ ಚಿತ್ರಗಳನ್ನು ನೋಡುತ್ತಾರೆ. ನೋಡಿದವರಲ್ಲಿ ಸಾಮಾನ್ಯವಾಗಿ ಎರಡು ಭಾವನೆಗಳು ಹುಟ್ಟುತ್ತವೆ. ನಮ್ಮವರು ಇಷ್ಟು ದೊಡ್ಡವರಾಗಿದ್ದರಲ್ಲ ಎಂಬ ಹೆಮ್ಮೆ ಒಂದು. ಎಲ್ಲವೂ ಹೋಯಿತಲ್ಲ ಎಂಬ ಸಂಕಟ ಇನ್ನೊಂದು. ಎರಡೂ ಸಹಜ. ಆದರೆ ಎರಡರಿಂದಲೂ ನಾಳೆಯ ಬೆಳಿಗ್ಗೆ ನಾವು ಮಾಡಬೇಕಾದ ಕೆಲಸವೇನೆಂದು ತಿಳಿಯುವುದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ನಮಗೆ ಆ ನಗರವನ್ನು ನೋಡಲು ಮೂರನೆಯದೊಂದು ದಾರಿಯಿದೆ. ಅದು ರೇಷ್ಮೆಯ ದಾರಿ. ಗ್ರನಾಡವೂ ರೇಷ್ಮೆಯಿಂದ ಬದುಕಿದ ಊರು.

ಪ್ರವಾಸಿ ಕಾಣುವ ನಗರ

ಮೆಡಿಟರೇನಿಯನ್ ಸಮುದ್ರದ ಉತ್ತರಕ್ಕೆ, ಹಿಮ ಹೊದ್ದ ಸಿಯೆರಾ ನೆವಾಡಾ ಬೆಟ್ಟಸಾಲಿನ ಬುಡದಲ್ಲಿ ಗ್ರನಾಡ ನಗರವಿದೆ. ಒಂದು ಗುಡ್ಡದ ಮೇಲೆ ಕೆಮ್ಮಣ್ಣಿನ ಬಣ್ಣದ ಅಲ್‌ಹಂಬ್ರಾ. ಅರಬಿಯ ‘ಅಲ್‌ ಹಮ್ರಾ’ ಎಂದರೆ ಕೆಂಪಾದದ್ದು ಎಂದೇ ಅರ್ಥ. 1238ರಲ್ಲಿ ನಸ್ರಿ ವಂಶದ ಮೊದಲ ಸುಲ್ತಾನ ಮುಹಮ್ಮದ್ ಇಬ್ನುಲ್ ಅಹ್ಮರ್ ಇದರ ನಿರ್ಮಾಣಕ್ಕೆ ಕೈಹಾಕಿದ. 14ನೇ ಶತಮಾನದ ಒಂದನೇ ಯೂಸುಫ್ ಮತ್ತು ಅವನ ಮಗ ಐದನೇ ಮುಹಮ್ಮದ್ ಅದನ್ನು ಇಂದಿನ ಚೆಲುವಿಗೆ ತಂದರು. ಹನ್ನೆರಡು ಕಲ್ಲಿನ ಸಿಂಹಗಳು ಹೊತ್ತ ಕಾರಂಜಿ, ಜೇನುಗೂಡಿನಂತೆ ಕೊರೆದ ಗಾರೆಯ ಛಾವಣಿ, ಗೋಡೆಗೋಡೆಯಲ್ಲಿ ಬಳ್ಳಿಯಂತೆ ಹಬ್ಬಿದ ಅರಬಿ ಬರಹ. ಅಲ್ಲಾಹನ ಹೊರತು ವಿಜಯಿಯಾದವನು ಯಾರೂ ಇಲ್ಲ ಎಂಬರ್ಥದ ನಸ್ರಿ ಧ್ಯೇಯವಾಕ್ಯ ಆ ಗೋಡೆಗಳಲ್ಲಿ ಎಣಿಸಲಾರದಷ್ಟು ಸಲ ಬರುತ್ತದೆ. ಅದನ್ನು ಬರೆಸಿದ ಅರಸರು ಹೋದರು, ವಾಕ್ಯ ಉಳಿಯಿತು. ಅರಮನೆ ಹೇಳುವ ಮೊದಲ ಪಾಠ ಇದೇ.

ಎರಡನೆಯ ಸೊಬಗು ನೀರಿನದು. ದಾರೋ ನದಿಯ ನೀರನ್ನು ಮೇಲ್ದಂಡೆಯಲ್ಲೇ ತಿರುಗಿಸಿ, ಕಾಲುವೆಯಲ್ಲಿ ಗುಡ್ಡದ ನೆತ್ತಿಗೆ ತಂದು, ತೋಟಕ್ಕೂ ಕೊಳಕ್ಕೂ ಹಮ್ಮಾಮಿಗೂ ಹಂಚಿದ್ದರು. ಸ್ಪ್ಯಾನಿಷ್ ಭಾಷೆಯಲ್ಲಿ ಕಾಲುವೆಗೆ ಇಂದಿಗೂ ‘ಅಸೆಕಿಯಾ’ ಎನ್ನುತ್ತಾರೆ. ಅರಬಿಯ ‘ಅಸ್ಸಾಕಿಯ’ದಿಂದ ಬಂದ ಮಾತದು. ಬತ್ತದ ನದಿಯೊಂದಿಲ್ಲದೆ, ಕೆರೆ ಮತ್ತು ಆಳದ ಕೊಳವೆಬಾವಿಗಳನ್ನೇ ನಂಬಿ ಹಿಪ್ಪುನೇರಳೆ ಬೆಳೆಯುವ ನಮ್ಮ ಜಿಲ್ಲೆಯ ರೈತನಿಗೆ ಆ ಕಾಲುವೆಗಳು ಸಿಂಹದ ಕಾರಂಜಿಗಿಂತ ಹೆಚ್ಚು ಹೇಳಬಲ್ಲವು.

ಎದುರಿನ ಗುಡ್ಡದಲ್ಲಿ ಅಲ್ಬೈಸಿನ್ ಎಂಬ ಹಳೆಯ ಬಡಾವಣೆ. ಸುಣ್ಣ ಬಳಿದ ಮನೆಗಳು, ಇಬ್ಬರು ಎದುರಾದರೆ ಒಬ್ಬರು ಸರಿದು ನಿಲ್ಲಬೇಕಾದ ಓಣಿಗಳು. ಅಲ್ಲಿ 2003ರಲ್ಲಿ ಹೊಸ ಮಸೀದಿಯೊಂದು ತೆರೆಯಿತು. ಶತಮಾನಗಳ ಬಳಿಕ ಆ ಗುಡ್ಡದ ಮೇಲೆ ಅಝಾನ್ ಮತ್ತೆ ಕೇಳಿಸಿತು. ಸಂಜೆ ಮಸೀದಿಯ ತೋಟದಲ್ಲಿ ನಿಂತವರಿಗೆ ಎದುರಿಗೆ ಅಲ್‌ಹಂಬ್ರಾ ಕೆಂಪೇರುವುದು ಕಾಣುತ್ತದೆ. ಪ್ರವಾಸಿಗಳ ಕ್ಯಾಮೆರಾಗಳೆಲ್ಲ ಆ ಕಡೆ ತಿರುಗಿರುತ್ತವೆ. ಆದರೆ ಗ್ರನಾಡದ ಜೀವ ಎಲ್ಲಿತ್ತೆಂದು ತಿಳಿಯಬೇಕಾದರೆ ಗುಡ್ಡ ಇಳಿದು ಕೆಳಗಿನ ಪೇಟೆಗೆ ಬರಬೇಕು.

ಹುಳು ಸಾಕಿದ ಹೆಂಗಸರು

ಚೀನಾದಲ್ಲಿ ಹುಟ್ಟಿದ ರೇಷ್ಮೆ ಕೃಷಿ ಪಶ್ಚಿಮದ ಕಡೆಗೆ ಮೆಲ್ಲಗೆ ನಡೆದು ಬಂತು. ಅದನ್ನು ಸ್ಪೇನಿನ ನೆಲದಲ್ಲಿ ನೆಟ್ಟವರು ಅರಬರು. 756ರಲ್ಲಿ ಉಮಯ್ಯ ವಂಶದ ಅಬ್ದುರ್ರಹ್ಮಾನ್ ಕುರ್ತುಬಾದಲ್ಲಿ, ಅಂದರೆ ಇಂದಿನ ಕಾರ್ಡೊಬಾದಲ್ಲಿ, ಅಧಿಕಾರಕ್ಕೆ ಬಂದನು. ಅದರ ಹಿಂದುಮುಂದಿನ ದಶಕಗಳಲ್ಲಿ ಸಿರಿಯಾದಿಂದ ಬಂದು ನೆಲೆಸಿದವರು ತಮ್ಮ ನಾಡಿನ ಗಿಡಮರಗಳನ್ನೂ ನೀರಾವರಿಯ ಜಾಣ್ಮೆಯನ್ನೂ ತಂದರು. ಗ್ರನಾಡದ ಸುತ್ತ ನೆಲೆಸಿದವರು ಡಮಾಸ್ಕಸ್ ಪಡೆಯವರು. ಹಿಪ್ಪುನೇರಳೆ ಅಲ್ಲಿನ ಬೆಟ್ಟದ ಇಳಿಜಾರುಗಳಲ್ಲಿ ಚೆನ್ನಾಗಿ ಹಿಡಿಯಿತು.

10ನೇ ಶತಮಾನದ ನಡುವಿನಲ್ಲಿ ಕುರ್ತುಬಾದಲ್ಲಿ ಸಿದ್ಧವಾದ ಒಂದು ಪಂಚಾಂಗ ಇಂದಿಗೂ ಉಳಿದಿದೆ. ಯಾವ ತಿಂಗಳಲ್ಲಿ ಯಾವ ನಕ್ಷತ್ರ, ಯಾವ ಬೆಳೆ, ಯಾವ ಕೆಲಸ ಎಂಬುದನ್ನು ಅದು ಹೇಳುತ್ತದೆ. ಚಳಿ ಕಳೆಯುವ ಹೊತ್ತಿಗೆ ಹೆಂಗಸರು ರೇಷ್ಮೆ ಮೊಟ್ಟೆಗಳಿಗೆ ಕಾವು ಕೊಡಲು ತೊಡಗುತ್ತಾರೆಂದು ಅದರಲ್ಲಿ ದಾಖಲಾಗಿದೆ. ಸಾವಿರ ವರ್ಷಗಳ ಹಿಂದಿನ ಆ ಸಾಲನ್ನು ಶಿಡ್ಲಘಟ್ಟದ ಯಾವ ಹಳ್ಳಿಯ ಹೆಣ್ಣುಮಗಳು ಓದಿದರೂ ಇದು ನನ್ನದೇ ಕೆಲಸ ಎಂದಾಳು. ಹುಳುಮನೆಗೆ ಸೊಪ್ಪು ಹೆಚ್ಚುವುದು, ನಾಲ್ಕು ಜ್ವರ ದಾಟುವವರೆಗೆ ರಾತ್ರಿ ಎದ್ದು ನೋಡುವುದು, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವುದು ಇಲ್ಲಿಯೂ ಹೆಂಗಸರ ಕೈಯಲ್ಲೇ ನಡೆಯುತ್ತದೆ. ಆ ಪಂಚಾಂಗದೊಂದಿಗೆ ಎರಡು ಹೆಸರುಗಳು ಕೂಡಿ ಬಂದಿವೆ. ಒಬ್ಬರು ಅರೀಬ್ ಇಬ್ನ್ ಸಅದ್ ಎಂಬ ಮುಸ್ಲಿಂ ವಿದ್ವಾಂಸ; ಮತ್ತೊಬ್ಬರು ಅರಬರು ರಬೀ ಇಬ್ನ್ ಝೈದ್ ಎಂದು ಕರೆಯುತ್ತಿದ್ದ ಕ್ರೈಸ್ತ ಬಿಷಪ್. ಹುಳುವಿಗೆ ಧರ್ಮವಿಲ್ಲ, ಅದನ್ನು ಸಾಕುವ ವಿದ್ಯೆಯೂ ಒಂದೇ ಸಮುದಾಯದ ಸ್ವತ್ತಾಗಿರಲಿಲ್ಲ.

955ರಲ್ಲಿ ಮೂರನೇ ಅಬ್ದುರ್ರಹ್ಮಾನ್ ಸಮುದ್ರ ತೀರದಲ್ಲಿ ಅಲ್‌ಮರೀಯ ನಗರವನ್ನು ಕಟ್ಟಿಸಿದನು. ಇಂದು ಅದು ಅಲ್ಮೇರಿಯಾ. 12ನೇ ಶತಮಾನದ ಭೂಗೋಳಜ್ಞ ಅಲ್ ಇದ್ರೀಸಿ, ಅಲ್ಮೊರಾವಿದರ ಕಾಲದ ಆ ಊರಿನಲ್ಲಿ ರೇಷ್ಮೆ ನೇಯುವ 800 ಮಗ್ಗಗಳಿದ್ದವೆಂದು ಬರೆದಿದ್ದಾನೆ. ಗ್ರನಾಡದ ಹಿಂದಿನ ಅಲ್ಪುಹಾರಾಸ್ ಬೆಟ್ಟಗಳಲ್ಲಿ ಬೆಳೆದ ರೇಷ್ಮೆ ಪೇಟೆಗೆ ಬಂದು, ಅಲ್ಲಿಂದ ಬಂದರಿಗಿಳಿದು, ಜಿನೋವಾದ ವರ್ತಕರ ಹಡಗುಗಳಲ್ಲಿ ಇಟಲಿಯ ಮಗ್ಗಗಳನ್ನು ಮುಟ್ಟುತ್ತಿತ್ತು.

ಒಂದೇ ಓಣಿಯಲ್ಲಿ ಮೂರು ಬಾಗಿಲು

ಗ್ರನಾಡದ ಪೇಟೆಯ ನಡುವೆ ‘ಅಲ್ ಕೈಸರಿಯ್ಯಾ’ ಇತ್ತು. ಸ್ಪ್ಯಾನಿಷರ ಬಾಯಲ್ಲಿ ಅದು ಅಲ್ಕೈಸೆರಿಯಾ. ರೋಮನ್ ಅರಸರ ‘ಸೀಸರ್’ ಬಿರುದಿನಿಂದ, ಅಂದರೆ ಅರಬಿಯ ‘ಕೈಸರ್’ನಿಂದ ಬಂದ ಹೆಸರಿದು. ರಾತ್ರಿ ಬಾಗಿಲು ಹಾಕಿ ಕಾವಲಿಡುತ್ತಿದ್ದ, ಇಕ್ಕಟ್ಟಾದ ಓಣಿಗಳ ರೇಷ್ಮೆ ಮಾರುಕಟ್ಟೆ ಅದು. ಹಳ್ಳಿಯ ರೇಷ್ಮೆ ಇಲ್ಲಿಗೆ ಬಂದು, ಸುಂಕ ಕಟ್ಟಿ, ಕೈ ಬದಲಾಗುತ್ತಿತ್ತು. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ವರ್ತಕರು ತಂಗುವ ಫುಂದುಕ್. 14ನೇ ಶತಮಾನದ ಆ ಛತ್ರ ಇಂದಿಗೂ ನಿಂತಿದೆ.

ಈ ಮಾರುಕಟ್ಟೆಯ ಮಗ್ಗುಲಲ್ಲೇ ನಗರದ ಜುಮಾ ಮಸೀದಿಯಿತ್ತು. ಮಸೀದಿಯ ಎದುರಿಗೇ ಒಂದನೇ ಯೂಸುಫ್ 1349ರಲ್ಲಿ ಒಂದು ಮದ್ರಸ ಕಟ್ಟಿಸಿದನು. ‘ಯೂಸುಫಿಯ್ಯಾ ಮದ್ರಸ’ ಎಂದು ಅದರ ಹೆಸರು. ಅಲ್‌ಹಂಬ್ರಾದ ಚೆಲುವಾದ ಸಭಾಂಗಣಗಳನ್ನು ಕಟ್ಟಿಸಿದ ಅದೇ ಸುಲ್ತಾನ, ಗುಡ್ಡದ ಮೇಲೆ ತನಗೊಂದು ಅರಮನೆಯಾದರೆ ಸಾಕೆಂದು ಸುಮ್ಮನಾಗಲಿಲ್ಲ. ಕೆಳಗೆ ಜನ ದುಡಿಯುವ ಜಾಗದಲ್ಲೇ ಕಲಿಯುವ ಮನೆಯನ್ನೂ ಕಟ್ಟಿಸಿದನು. ಮದ್ರಸದ ನಮಾಝ್ ಕೋಣೆ, ಅದರ ಮಿಹ್ರಾಬ್ ಇಂದಿಗೂ ನೋಡಲು ಸಿಗುತ್ತವೆ. ಕಟ್ಟಡ ಈಗ ಗ್ರನಾಡ ವಿಶ್ವವಿದ್ಯಾಲಯದ ಸುಪರ್ದಿಯಲ್ಲಿದೆ.

ಮಾರುಕಟ್ಟೆ, ಮಸೀದಿ, ಮದ್ರಸ. ಮೂರೂ ಕೂಗಳತೆಯೊಳಗೆ. ರೇಷ್ಮೆ ಮಾರಲು ಬೆಟ್ಟದಿಂದಿಳಿದು ಬಂದವನು ಬಾಂಗ್ ಕೇಳಿ ಮಸೀದಿಗೆ ನಡೆಯುವಾಗ ಮದ್ರಸದ ಬಾಗಿಲನ್ನು ದಾಟಿಯೇ ಹೋಗಬೇಕಿತ್ತು. ನನ್ನ ಮಟ್ಟಿಗೆ ಆ ನಗರದ ನಿಜವಾದ ಚೆಲುವು ಈ ನೆರೆಹೊರೆಯಲ್ಲಿದೆ. ದುಡಿಮೆ, ಇಬಾದತ್, ವಿದ್ಯೆ ಒಂದರ ಮುಖ ಒಂದು ನೋಡುತ್ತಿದ್ದ ಕಾಲ ಅದು.

ಕೈಗಳು ಹೋದವು, ರೇಷ್ಮೆಯೂ ಹೋಯಿತು

1492ರ ಜನವರಿ 2ರಂದು ಕೊನೆಯ ಸುಲ್ತಾನ ಅಬೂ ಅಬ್ದಿಲ್ಲಾಹ್ ನಗರವನ್ನು ಫರ್ಡಿನಾಂಡ್ ಮತ್ತು ಇಸಾಬೆಲಾ ಅವರಿಗೆ ಒಪ್ಪಿಸಿದನು. ಮುಸ್ಲಿಮರ ಧರ್ಮ, ಮಸೀದಿ, ನ್ಯಾಯಪದ್ಧತಿಗಳನ್ನು ಕಾಪಾಡುವ ಮಾತು ಒಪ್ಪಂದದಲ್ಲಿತ್ತು. ಆ ಮಾತು ಹತ್ತು ವರ್ಷವೂ ಬಾಳಲಿಲ್ಲ. 1499ರಿಂದ ಬಲವಂತದ ಮತಾಂತರ ಶುರುವಾಯಿತು, ಅರಬಿ ಗ್ರಂಥಗಳ ರಾಶಿಗೆ ಬೆಂಕಿಯಿಟ್ಟರು, ಮದ್ರಸ ಮುಚ್ಚಿತು. ಮತಾಂತರಗೊಂಡವರನ್ನು ‘ಮೊರಿಸ್ಕೊ’ ಎಂದು ಕರೆದರು. 1567ರಲ್ಲಿ ಅವರ ಭಾಷೆಯನ್ನೂ ಉಡುಪನ್ನೂ ನಿಷೇಧಿಸಿದರು. 1568ರಲ್ಲಿ ಅಲ್ಪುಹಾರಾಸ್ ಬೆಟ್ಟಗಳಲ್ಲಿ ದಂಗೆ ಎದ್ದಿತು. 1570ರ ಚಳಿಯಲ್ಲಿ ಗ್ರನಾಡ ಸೀಮೆಯ ಹತ್ತಾರು ಸಾವಿರ ಮೊರಿಸ್ಕೊಗಳನ್ನು ಮನೆ ಬಿಡಿಸಿ ಕ್ಯಾಸ್ಟೈಲಿನ ಒಳನಾಡಿಗೆ ಅಟ್ಟಿದರು. ಎಷ್ಟೋ ಜನ ದಾರಿಯಲ್ಲೇ ಸತ್ತರು. ಕೊನೆಗೆ 1609ರಿಂದ 1614ರ ನಡುವೆ ಇಡೀ ಸ್ಪೇನಿನಿಂದ ಸುಮಾರು 3 ಲಕ್ಷ ಮೊರಿಸ್ಕೊಗಳನ್ನು ಹೊರಹಾಕಿದರು.

ಇನ್ನು ಗಮನಿಸಬೇಕಾದ ಸಂಗತಿಯೊಂದಿದೆ. ಅರಸರು ಬದಲಾದ 1492ರಲ್ಲಿ ಗ್ರನಾಡದ ರೇಷ್ಮೆ ಸಾಯಲಿಲ್ಲ. ಹೊಸ ಅರಸರಿಗೂ ರೇಷ್ಮೆಯ ಸುಂಕ ಬೇಕಾಗಿತ್ತು. ಮಾರುಕಟ್ಟೆ ಎಂದಿನಂತೆ ನಡೆಯಿತು. ಅದು ಕುಸಿದದ್ದು 1570ರ ಬಳಿಕ, ಹುಳು ಸಾಕುವ ಕೈಗಳನ್ನೇ ಊರಿನಿಂದ ಕಿತ್ತು ಹಾಕಿದ ಮೇಲೆ. ಖಾಲಿಯಾದ ಹಳ್ಳಿಗಳಿಗೆ ಉತ್ತರದಿಂದ ಜನರನ್ನು ತಂದು ನೆಲೆಗೊಳಿಸಿದರು. ಅವರಿಗೆ ಹಿಪ್ಪುನೇರಳೆ ಮರಗಳು ಸಿಕ್ಕವು, ಮನೆಗಳು ಸಿಕ್ಕವು, ಹುಳುವಿನ ಮರ್ಮ ಸಿಗಲಿಲ್ಲ. ಆ ಜ್ಞಾನ ಪುಸ್ತಕದಲ್ಲಿರಲಿಲ್ಲ. ತಾಯಿಯಿಂದ ಮಗಳಿಗೆ ಬಂದಿತ್ತು. ಅರಮನೆಯನ್ನು ಗೆಲ್ಲಬಹುದು, ಅಂಥ ಜ್ಞಾನವನ್ನು ಗೆಲ್ಲಲಾಗದು. ಹಳೆಯ ಅಲ್ಕೈಸೆರಿಯಾ 1843ರ ಬೆಂಕಿಯಲ್ಲಿ ಸುಟ್ಟುಹೋಯಿತು. ಈಗ ಅಲ್ಲಿರುವುದು ಆಮೇಲೆ ಕಟ್ಟಿದ ಚಿಕ್ಕ ಓಣಿ. ಬಣ್ಣದ ದೀಪ, ಚರ್ಮದ ಚೀಲ, ನೆನಪಿನ ಕಾಣಿಕೆಗಳನ್ನು ಅಲ್ಲಿ ಪ್ರವಾಸಿಗಳಿಗೆ ಮಾರುತ್ತಾರೆ.

ಬುರ್ಸಾದ ಗೂಡಿನ ಛತ್ರ

ಗ್ರನಾಡ ಕೈಬಿಡುವ ಹೊತ್ತಿಗೇ, 1491ರಲ್ಲಿ, ತುರ್ಕಿಯ ಬುರ್ಸಾ ನಗರದಲ್ಲಿ ಉಸ್ಮಾನಿ ಸುಲ್ತಾನ ಎರಡನೇ ಬಾಯಝೀದ್ ಕಟ್ಟಿಸಿದ ಛತ್ರವೊಂದು ಪೂರ್ಣಗೊಂಡಿತು. ಸ್ಪೇನಿನಿಂದ ಹೊರದೂಡಲ್ಪಟ್ಟ ಯಹೂದಿಯರಿಗೆ ತನ್ನ ನಾಡಿನಲ್ಲಿ ಆಸರೆ ಕೊಟ್ಟವನು ಈ ಬಾಯಝೀದನೇ. ಆ ಛತ್ರಕ್ಕೆ ಮುಂದೆ ‘ಕೋಝಾ ಹಾನ್’ ಎಂಬ ಹೆಸರು ಬಂತು. ತುರ್ಕಿಯಲ್ಲಿ ‘ಕೋಝಾ’ ಎಂದರೆ ರೇಷ್ಮೆಗೂಡು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಗೂಡಿನ ಮಾರುಕಟ್ಟೆ. ಎರಡು ಅಂತಸ್ತಿನ ಅಂಗಡಿಸಾಲು, ನಡುವೆ ಅಂಗಳ, ಅಂಗಳದ ನಟ್ಟನಡುವೆ ಕಂಬಗಳ ಮೇಲೆ ನಿಂತ ಪುಟ್ಟ ಮಸೀದಿ, ಅದರ ಅಡಿಯಲ್ಲಿ ವುಝೂ ಮಾಡುವ ನೀರಿನ ಕೊಳ. ಈ ಛತ್ರದ ಬಾಡಿಗೆ ಸುಲ್ತಾನನ ಜೇಬಿಗೆ ಹೋಗುತ್ತಿರಲಿಲ್ಲ. ಇಸ್ತಾಂಬುಲಿನಲ್ಲಿ ಅವನು ಕಟ್ಟಿಸಿದ ಮಸೀದಿ ಮತ್ತು ಮದ್ರಸದ ಖರ್ಚಿಗಾಗಿ ಅದನ್ನು ವಕ್ಫ್ ಮಾಡಲಾಗಿತ್ತು. ರೇಷ್ಮೆಯ ಹಣ ಪಾಠದ ದೀಪಕ್ಕೆ ಎಣ್ಣೆಯಾಯಿತು.

ರೇಷ್ಮೆ ನಮ್ಮ ಸೀಮೆಗೆ ಬಂದ ಬಗೆ

ಮೈಸೂರು ಸೀಮೆಯಲ್ಲಿ ರೇಷ್ಮೆಗೆ ಬೇರು ಕೊಟ್ಟವನು ಟಿಪ್ಪು ಸುಲ್ತಾನ್. ಚಿಕ್ಕಬಳ್ಳಾಪುರದ ನೆತ್ತಿಯ ಮೇಲಿರುವ ನಂದಿಬೆಟ್ಟವನ್ನು ಅವನ ಕೋಟೆಯೆಂದೂ ಬೇಸಗೆಯ ತಾಣವೆಂದೂ ನಾವೆಲ್ಲ ಮಕ್ಕಳಿಗೆ ತೋರಿಸುತ್ತೇವೆ. ಆದರೆ ಬೆಟ್ಟದಿಂದ ಕೆಳಗೆ ಕಾಣುವ ಹಿಪ್ಪುನೇರಳೆ ತೋಟಗಳೂ ಅವನ ನೆನಪೇ ಎಂದು ಹೇಳುವುದನ್ನು ಮರೆಯುತ್ತೇವೆ. ಹುಳುವಿಗಾಗಿ ಅವನು ಮಸ್ಕತ್‌ನಲ್ಲಿದ್ದ ತನ್ನ ವ್ಯಾಪಾರ ಪ್ರತಿನಿಧಿ ಮೀರ್ ಕಾಝಿಮ್‌ಗೆ ಪತ್ರ ಬರೆದನು. ಬಂಗಾಳಕ್ಕೆ ಜನರನ್ನು ಕಳುಹಿಸಿದನು. 1786ರಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದ ಪತ್ರದಲ್ಲಿ, ಬಂಗಾಳದಿಂದ ಹುಳು ತರುತ್ತಿರುವವರನ್ನು ವಿಚಾರಿಸಿ ಅವುಗಳಿಗೆ ತಕ್ಕ ಜಾಗ ಸಿದ್ಧಮಾಡುವಂತೆ ಆಜ್ಞಾಪಿಸಿದ್ದಾನೆ. ಹೋಗಿದ್ದ ಇಬ್ಬರ ಹೆಸರು ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ. ಕುರ್ತುಬಾದ ಪಂಚಾಂಗದ ಎರಡು ಹೆಸರುಗಳನ್ನು ನೆನಪಿಗೆ ತರುವ ಜೋಡಿಯಿದು.

ಸುಲ್ತಾನನ ಬಳಿಕ ಈ ಕಸುಬಿಗೆ ನೀರೆರೆದವರಲ್ಲಿ ಮೆಡಿಟರೇನಿಯನ್ ಕಡೆಯವರೂ ಇದ್ದರು. 19ನೇ ಶತಮಾನದ ನಡುವಿನಲ್ಲಿ ರೋಗ ತಗುಲಿ ಮೈಸೂರಿನ ಹುಳುಗಳು ನಾಶವಾಗುತ್ತಿದ್ದಾಗ, 1866ರ ಸುಮಾರಿಗೆ ದೆ ವೆಕ್ಕಿ ಎಂಬ ಇಟಲಿಯವನು ಜಪಾನಿನಿಂದ ಹೊಸ ಬಿತ್ತನೆ ತರಿಸಿದನು. ಅದೇ ದಶಕದಲ್ಲಿ ಲೂಯಿ ಪಾಶ್ಚರ್ ದಕ್ಷಿಣ ಫ್ರಾನ್ಸಿನಲ್ಲಿ ಗಂಟುರೋಗದ ಮೂಲ ಹುಡುಕಿ, ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆಯನ್ನಷ್ಟೇ ಉಳಿಸುವ ವಿಧಾನ ಕಂಡುಹಿಡಿದನು. ನಮ್ಮ ಬಿತ್ತನೆ ಕೋಠಿಗಳು ಇಂದಿಗೂ ಅದೇ ವಿಧಾನವನ್ನು ನಂಬಿವೆ. 1910ರ ದಶಕದಲ್ಲಿ ಮೈಸೂರು ಸರ್ಕಾರ ಇಟಲಿಯ ರೇಷ್ಮೆ ತಜ್ಞ ವಾಷಿಂಗ್ಟನ್ ಮಾರಿಯವರನ್ನು ಕರೆಸಿಕೊಂಡಿತು. 1912ರಿಂದ 1918ರವರೆಗೆ ದಿವಾನರಾಗಿದ್ದವರು ನಮ್ಮ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು. ಅರಬರು ಮೆಡಿಟರೇನಿಯನ್ ದಂಡೆಗೆ ಒಯ್ದ ವಿದ್ಯೆ ಹೀಗೆ ಸುತ್ತು ಬಳಸಿ ನಮ್ಮ ಬಾಗಿಲಿಗೂ ಬಂತು.

ಇಂದು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಏಷ್ಯಾದ ಅತಿ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಜಾಲರಿಗಳಲ್ಲಿ ಹಳದಿಯ, ಬಿಳಿಯ ಗೂಡುಗಳು ಹರಡಿರುತ್ತವೆ. ರೀಲರ್‌ಗಳು ಒಂದು ಹಿಡಿ ಎತ್ತಿ, ಕಿವಿಯ ಬಳಿ ಅಲ್ಲಾಡಿಸಿ, ನೂಲು ಎಷ್ಟು ಬಂದೀತೆಂದು ಲೆಕ್ಕ ಹಾಕುತ್ತಾರೆ. ಹರಾಜು ಈಗ ಮೊಬೈಲಿಗೆ ಬಂದಿದ್ದರೂ ಕೈಯ ಲೆಕ್ಕ ಹೋಗಿಲ್ಲ. ಗೂಡು ಬೆಳೆಯುವವರಲ್ಲಿ ಹೆಚ್ಚಿನವರು ಹಿಂದೂ ರೈತರು. ನೂಲು ಬಿಚ್ಚುವವರಲ್ಲಿ ಹೆಚ್ಚಿನವರು ಮುಸ್ಲಿಮರು. ಒಬ್ಬರ ಬೆಳೆ ಇನ್ನೊಬ್ಬರ ಕೈಗೆ ಬರದಿದ್ದರೆ ಇಬ್ಬರ ಒಲೆಯೂ ಉರಿಯದು. ಕೈಗಳನ್ನು ಬೇರ್ಪಡಿಸಿದ ರೇಷ್ಮೆಯೂರಿನ ಗತಿ ಏನಾಯಿತೆಂದು ಗ್ರನಾಡ ಹೇಳಿದೆ. ಇದನ್ನು ನಮ್ಮೂರಿನ ಎಲ್ಲ ಸಮುದಾಯಗಳೂ ನೆನಪಿಡುವುದು ಒಳ್ಳೆಯದು.

ಉಡದವರು ತೆಗೆಯುವ ನೂಲು

ನಮ್ಮ ಧರ್ಮದಲ್ಲಿ ಗಂಡಸರು ರೇಷ್ಮೆ ಉಡುವಂತಿಲ್ಲ, ಹೆಂಗಸರಿಗೆ ಅನುಮತಿಯಿದೆ, ವ್ಯಾಪಾರ ಎಲ್ಲರಿಗೂ ಹಲಾಲ್. ಪ್ರವಾದಿ ಮುಹಮ್ಮದ್(ಸ)ರು ಹಝ್ರತ್ ಉಮರ್(ರ)ರಿಗೆ ಒಂದು ರೇಷ್ಮೆ ಉಡುಪು ಕಳುಹಿಸಿದಾಗ ಅವರು ಅಚ್ಚರಿಯಿಂದ ಕಾರಣ ಕೇಳಿದರು. ಉಡಲೆಂದು ಕೊಟ್ಟದ್ದಲ್ಲ ಎಂಬ ಉತ್ತರ ಬಂತು. ಉಮರ್(ರ)ರು ಅದನ್ನು ಮಕ್ಕಾದಲ್ಲಿದ್ದ, ಇನ್ನೂ ಇಸ್ಲಾಮ್ ಸ್ವೀಕರಿಸದ ತಮ್ಮ ಸಹೋದರನಿಗೆ ಕಾಣಿಕೆಯಾಗಿ ಕಳುಹಿಸಿದರು. ಈ ಹದೀಸ್ ಓದುವಾಗಲೆಲ್ಲ ನಮ್ಮ ರೀಲರ್ ಸೋದರರ ನೆನಪಾಗುತ್ತದೆ. ಬದುಕಿಡೀ ರೇಷ್ಮೆ ಮುಟ್ಟುತ್ತಾರೆ, ಒಂದು ದಿನವೂ ಉಡುವುದಿಲ್ಲ. ಅವರು ತೆಗೆದ ನೂಲು ಕಂಚಿ, ಧರ್ಮಾವರಂ ಮಗ್ಗಗಳನ್ನು ಸೇರಿ ಯಾರದೋ ಮನೆಯ ಮದುವೆ ಸೀರೆಯಾಗುತ್ತದೆ.

ಆದರೆ ಉಡದಿರುವುದು ಒಂದು, ಅದರ ಫಲವೇ ಕೈಸೇರದಿರುವುದು ಇನ್ನೊಂದು. ಕುದಿಯುವ ನೀರಿನ ಬಾನಿಯ ಮುಂದೆ ಕುಳಿತು ಬೆರಳು ಬಿಳಿಚಿಕೊಂಡ ತಾಯಂದಿರನ್ನು ನಮ್ಮ ಊರುಗಳಲ್ಲಿ ಯಾರು ತಾನೇ ನೋಡಿಲ್ಲ? ಆ ಹಬೆ, ಆ ವಾಸನೆ, ಉಬ್ಬಸದ ಕೆಮ್ಮು ನಮಗೆ ಹೊಸದಲ್ಲ. ಹಿಂದಿನ ದಶಕಗಳಲ್ಲಿ ಎಳೆಯ ಮಕ್ಕಳೂ ಅದೇ ಬಾನಿಯ ಪಕ್ಕದಲ್ಲಿ ದುಡಿದರು. ಕಾನೂನು ಮತ್ತು ಶಾಲೆ ಸೇರಿ ಅದನ್ನು ಬಹುಮಟ್ಟಿಗೆ ತಗ್ಗಿಸಿವೆ. ಆದರೂ ಹತ್ತನೆಯ ತರಗತಿ ಮುಗಿಯುತ್ತಲೇ ಪುಸ್ತಕ ಬದಿಗಿಟ್ಟು ಕೆಲಸಕ್ಕಿಳಿಯುವ ಹುಡುಗರನ್ನು, ಓದಿನಲ್ಲಿ ಮುಂದಿದ್ದೂ ಮನೆಯಲ್ಲೇ ಉಳಿಯುವ ಹುಡುಗಿಯರನ್ನು ಪಾಠ ಹೇಳುವ ನನ್ನಂಥವರು ಪ್ರತಿ ವರ್ಷ ಕಾಣುತ್ತೇವೆ.

ನಮ್ಮ ಮಾರುಕಟ್ಟೆಯ ಪಕ್ಕದಲ್ಲಿ ಏನಿದೆ?

ಗ್ರನಾಡ ಮತ್ತು ಬುರ್ಸಾ ನಮ್ಮ ಮುಂದಿಡುವ ಪ್ರಶ್ನೆ ಇದು. ಅವರ ರೇಷ್ಮೆಯ ಪಕ್ಕದಲ್ಲಿ ಮದ್ರಸವಿತ್ತು. ನಮ್ಮ ಗೂಡಿನ ಮಾರುಕಟ್ಟೆಯ ಹಣ ಯಾವ ಕಲಿಕೆಯ ಮನೆಯನ್ನು ಕಟ್ಟಿದೆ? ಶಾದಿಮಹಲಿನ ದೀಪಾಲಂಕಾರಕ್ಕೆ ಹೋದ ಪಾಲೆಷ್ಟು, ಓದುವ ಕೋಣೆಯ ಒಂದು ದೀಪಕ್ಕೆ ಹೋದ ಪಾಲೆಷ್ಟು?

ಸುಲ್ತಾನರಿಗಾಗಿ ಕಾಯಬೇಕಿಲ್ಲ. ಮೊದಲಿಗೆ ಝಕಾತ್ ಲೆಕ್ಕ ಸರಿಯಾಗಲಿ. ರೀಲಿಂಗ್ ಯಂತ್ರಕ್ಕೆ ಝಕಾತ್ ಇಲ್ಲ. ಆದರೆ ವರ್ಷ ತುಂಬಿದ ದಿನ ಮಾರಾಟಕ್ಕೆಂದು ಇಟ್ಟ ಗೂಡಿಗೂ ನೂಲಿಗೂ ಅಂದಿನ ಬೆಲೆಯ ಮೇಲೆ ನೂರಕ್ಕೆ ಎರಡೂವರೆ ಪಾಲು ಇದೆ. ನಿಸಾಬ್ ಇರುವ ಅನೇಕರು ಕೈಯಲ್ಲಿರುವ ನಗದನ್ನಷ್ಟೇ ಎಣಿಸುತ್ತಾರೆ. ಆ ಝಕಾತ್ ಅದರ ಹಕ್ಕುದಾರರಿಗೆ, ಬಡ ರೀಲರ್‌ನ ಓದುವ ಮಗನಿಗೂ ಮಗಳಿಗೂ, ನೇರ ಸಲ್ಲಲಿ. ಕಟ್ಟಡಕ್ಕೆ, ಗ್ರಂಥಾಲಯಕ್ಕೆ ಬೇಕಾದದ್ದು ಸದಕಾ ಮತ್ತು ವಕ್ಫ್. ಒಂದು ಅಂಗಡಿಯ ಬಾಡಿಗೆ ಒಂದು ಹಾಸ್ಟೆಲ್ ಕೋಣೆಗೆ, ಪ್ರತಿ ಲಾಟಿನ ನೂಲಿನಿಂದ ತೆಗೆದಿಟ್ಟ ಒಂದಿಷ್ಟು ಹಣ ಒಬ್ಬ ಹುಡುಗಿಯ ಪಿಯುಸಿ ಶುಲ್ಕಕ್ಕೆ. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಜಮಾಅತ್‌ಗಳು ತಮ್ಮ ತಮ್ಮ ಮಾರುಕಟ್ಟೆಯನ್ನು ನೋಡಿ ಇದೇ ಲೆಕ್ಕ ಹಾಕಬಹುದು. ಮನುಷ್ಯ ಸತ್ತ ಮೇಲೂ ನಿಲ್ಲದ ಪುಣ್ಯಗಳು ಮೂರೆಂದು ಪ್ರವಾದಿ(ಸ)ರು ತಿಳಿಸಿದ್ದಾರೆ: ಹರಿಯುತ್ತಿರುವ ದಾನ, ಪ್ರಯೋಜನ ಕೊಡುವ ಜ್ಞಾನ, ಪ್ರಾರ್ಥಿಸುವ ಸಜ್ಜನ ಸಂತಾನ. ಓದುವ ಮಗುವಿನ ಹಿಂದೆ ನಿಂತವನಿಗೆ ಮೂರರ ಬಾಗಿಲೂ ತೆರೆದೀತು.

ಅವಕಾಶವಿರುವವರು ಗ್ರನಾಡಕ್ಕೆ ಹೋಗಿ ಬರಲಿ, ಅಲ್‌ಹಂಬ್ರಾದ ಚೆಲುವನ್ನು ಕಣ್ತುಂಬ ನೋಡಲಿ. ಇಳಿದು ಬರುವಾಗ ಆ ಸಣ್ಣ ಓಣಿಯಲ್ಲಿ ಒಂದು ಗಳಿಗೆ ನಿಲ್ಲಲಿ. ಹೋಗಲಾಗದವರು ಚಿಂತಿಸಬೇಕಿಲ್ಲ. ನಾಳೆ ಬೆಳಿಗ್ಗೆ ನಮ್ಮ ಮಾರುಕಟ್ಟೆಯ ಬಾಗಿಲು ತೆರೆದಾಗ ಅದೇ ಪಾಠ ಇಲ್ಲಿಯೂ ಸಿಗುತ್ತದೆ. ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರ್ಕತ್ ನೀಡಲಿ, ನಮ್ಮ ಮಕ್ಕಳ ಕೈಗೆ ನೂಲಿನ ಜೊತೆಗೆ ಲೇಖನಿಯನ್ನೂ ಕೊಡಲಿ, ಗತಿಸಿದವರಿಂದ ಪಾಠ ಕಲಿಯುವ ಹೃದಯವನ್ನು ದಯಪಾಲಿಸಲಿ. ಆಮೀನ್.